ಕನಿಷ್ಠ ವೇತನ ಹೆಚ್ಚಾಗಬೇಕೇ? ನಾವೇ ಲೆಕ್ಕ ಹಾಕಿ ನೋಡೋಣ



ಸಂಘದ ಸಭೆಯಲ್ಲಿ ನಾವು ಉಳಿತಾಯ ಕಟ್ಟುತ್ತೇವೆ, ಸಾಲದ ಕಂತು ಕಟ್ಟುತ್ತೇವೆ, ಈ ಸಲ ಯಾರಿಗೆ ಸಾಲ ಕೊಡಬೇಕು ಅಂತ ಕೂತು ತೀರ್ಮಾನ ಮಾಡುತ್ತೇವೆ. ಆದರೆ ಈ ಹಣವೆಲ್ಲ ಎಲ್ಲಿಂದ ಬರುತ್ತದೆ? ನಮ್ಮ ಕೂಲಿಯಿಂದ, ನಮ್ಮ ಸಂಬಳದಿಂದ. ಅದರ ಬಗ್ಗೆ ಮಾತ್ರ ನಾವು ಮಾತಾಡುವುದೇ ಇಲ್ಲ. "ಕೊಟ್ಟಷ್ಟು ತಗೊಳ್ಳೋದು, ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ" ಎಂದು ಸುಮ್ಮನಾಗುತ್ತೇವೆ.

2025ರ ಏಪ್ರಿಲ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನ ಹೆಚ್ಚಿಸಲು ಒಂದು ಕರಡು ಅಧಿಸೂಚನೆ ಹೊರಡಿಸಿತು. ಕೆಲಸದ ಕುಶಲತೆ ಮತ್ತು ಊರಿನ ವಲಯ ನೋಡಿ ತಿಂಗಳಿಗೆ ಸುಮಾರು ರೂ. 19,300ರಿಂದ ರೂ. 34,200ರವರೆಗೆ ಎಂದು ಅದರಲ್ಲಿತ್ತು. ಕೂಡಲೇ ಚರ್ಚೆ ಎದ್ದಿತು. ಇಷ್ಟು ಕೊಟ್ಟರೆ ಉದ್ಯಮ ಉಳಿಯುವುದಿಲ್ಲ ಎಂದು ಉದ್ಯಮಿಗಳ ಸಂಘಟನೆಗಳು ಹೇಳಿದವು. ಇದು ನ್ಯಾಯವಾಗಿ ಬರಬೇಕಾದದ್ದೇ ಎಂದು ಕಾರ್ಮಿಕ ಸಂಘಟನೆಗಳು ಹೇಳಿದವು. ಪತ್ರಿಕೆ, ಟಿವಿಗಳಲ್ಲಿ ಈ ಚರ್ಚೆ ನಡೆದಾಗ ಮಾತಾಡಿದವರಲ್ಲಿ ನಮ್ಮಂಥ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದರು? ಈ ತಿಂಗಳ ಪಾಠದಲ್ಲಿ ಕನಿಷ್ಠ ವೇತನ ಎಂದರೇನು, ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ, ಹೆಚ್ಚಿಸಬೇಕು ಅನ್ನುವವರ ಮತ್ತು ಬೇಡ ಅನ್ನುವವರ ವಾದ ಏನು, ಇದರಲ್ಲಿ ನಮ್ಮ ಪಾತ್ರ ಏನು ಎಂದು ನೋಡೋಣ.

ಮೊದಲು ಸಾಲದ ಪುಸ್ತಕ ತೆಗೆಯಿರಿ

ಪಾಠ ಮುಂದುವರಿಸುವ ಮೊದಲು ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ಹಿಂದಿನ ಒಂದು ವರ್ಷದ ಸಾಲಗಳನ್ನು ನೋಡಿ. ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಅಂಗಡಿಗೆ ತೆಗೆದ ಸಾಲ ಎಷ್ಟು? ಮನೆ ಸಾಮಾನಿಗೆ, ಶಾಲೆಯ ಫೀಸಿಗೆ, ಆಸ್ಪತ್ರೆಗೆ, ಬಾಡಿಗೆ ಬಾಕಿಗೆ, ಹಬ್ಬಕ್ಕೆ ತೆಗೆದ ಸಾಲ ಎಷ್ಟು? ಎರಡನ್ನೂ ಬೇರೆ ಬೇರೆ ಬರೆದು ಕೂಡಿಸಿ.

ಮೊದಲನೆಯ ಬಗೆಯ ಸಾಲ ಆದಾಯ ತರುತ್ತದೆ, ಅದರಿಂದಲೇ ಸಾಲ ತೀರಿಸಬಹುದು. ಎರಡನೆಯ ಬಗೆಯದು ಹಾಗಲ್ಲ. ಅಕ್ಕಿ, ಔಷಧಿ, ಫೀಸು ಇವೆಲ್ಲ ತಿಂಗಳ ದುಡಿಮೆಯಲ್ಲೇ ಆಗಬೇಕಾದ ಖರ್ಚು. ದಿನವಿಡೀ ದುಡಿಯುವ ಒಬ್ಬ ತಾಯಿ ಇದಕ್ಕೂ ಸಾಲ ಮಾಡಬೇಕಾಗಿದೆ ಎಂದರೆ ಅವಳಿಗೆ ಖರ್ಚು ಮಾಡಲು ಗೊತ್ತಿಲ್ಲ ಎಂದಲ್ಲ, ಅವಳ ದುಡಿಮೆಗೆ ಸಿಗುವ ಬೆಲೆ ಸಾಲದು ಎಂದರ್ಥ. ಆ ಕೊರತೆಯನ್ನು ಸಂಘದ ಹಣದಿಂದ ತುಂಬುತ್ತಿದ್ದೇವೆ. ಬಡ್ಡಿಯನ್ನೂ ನಾವೇ ಕಟ್ಟುತ್ತಿದ್ದೇವೆ. ನಮ್ಮ ಸಂಘಗಳಿಗೂ ಕನಿಷ್ಠ ವೇತನಕ್ಕೂ ಇರುವ ಸಂಬಂಧ ಇದೇ.

ಕನಿಷ್ಠ ವೇತನ ಎಂದರೇನು?

ಒಬ್ಬ ಕೆಲಸಗಾರನಿಗೆ ಅಥವಾ ಕೆಲಸಗಾರ್ತಿಗೆ ಇಷ್ಟಕ್ಕಿಂತ ಕಡಿಮೆ ಕೊಡಲೇಬಾರದು ಎಂದು ಸರ್ಕಾರ ಕಾನೂನಿನ ಮೂಲಕ ಹಾಕಿದ ಗೆರೆಯೇ ಕನಿಷ್ಠ ವೇತನ. ಇದು ದೊಡ್ಡ ಸಂಬಳವೇನೂ ಅಲ್ಲ. ನಮ್ಮ ಸಂವಿಧಾನದ 43ನೇ ವಿಧಿಯಲ್ಲಿ ಹೇಳಿರುವುದು ಜೀವನ ವೇತನ, ಅಂದರೆ ಮರ್ಯಾದೆಯಿಂದ ಬಾಳಲು ಸಾಕಾಗುವ ವೇತನ. ಕನಿಷ್ಠ ವೇತನ ಅದಕ್ಕಿಂತ ಕೆಳಗಿನ ಮೆಟ್ಟಿಲು.

ಡಾ. ಬಿ.ಆರ್. ಅಂಬೇಡ್ಕರ್ ಅವರು ಸ್ವಾತಂತ್ರ್ಯಕ್ಕೆ ಮೊದಲು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ, 1946ರಲ್ಲಿ ಇದರ ಮಸೂದೆ ಮಂಡಿಸಿದರು. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಉದ್ಯೋಗಗಳಿಗೆ ಮಾತ್ರ ರಕ್ಷಣೆ ಇತ್ತು. ಮನೆಗೆಲಸದವರು ಬಹಳ ಕಾಲ ಪಟ್ಟಿಯ ಹೊರಗೇ ಇದ್ದರು. ಅವರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿತು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮಗು ನೋಡಿಕೊಳ್ಳುವುದು ಕೂಡ ಲೆಕ್ಕಕ್ಕೆ ಬರುವ ಕೆಲಸವೇ ಎಂದು ಸರ್ಕಾರದ ಕಾಗದದಲ್ಲಿ ಬಂದದ್ದು ಸಣ್ಣ ವಿಷಯವಲ್ಲ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ವೇತನ ಸಂಹಿತೆ 2019 ಜಾರಿಗೆ ಬಂದಿದೆ. ಅದರಲ್ಲಿ ನಾವು ತಿಳಿಯಬೇಕಾದ ಮುಖ್ಯ ಅಂಶಗಳು ಇವು:

1. ಪಟ್ಟಿಯ ಉದ್ಯೋಗಗಳಿಗೆ ಮಾತ್ರ ಎಂಬ ಮಿತಿ ಹೋಗಿದೆ.
2. ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನ ನಿಗದಿ ಮಾಡಬೇಕು. ಯಾವ ರಾಜ್ಯವೂ ಅದಕ್ಕಿಂತ ಕೆಳಗೆ ಹೋಗುವಂತಿಲ್ಲ.
3. ಐದು ವರ್ಷ ಮೀರದಂತೆ ವೇತನವನ್ನು ಪುನಃ ಪರಿಶೀಲಿಸಬೇಕು.
4. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣು ಎಂದು ಕೂಲಿಯಲ್ಲಿ ಭೇದ ಮಾಡುವಂತಿಲ್ಲ.
5. ನಿಗದಿತ ಅವಧಿಗಿಂತ ಹೆಚ್ಚು ದುಡಿಸಿದರೆ ಆ ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೊಡಬೇಕು.
6. ಬಾಕಿ ಕೂಲಿಗಾಗಿ ಮೂರು ವರ್ಷದ ಒಳಗೆ ಅರ್ಜಿ ಹಾಕಬಹುದು. ಹಳೆಯ ಕಾಯ್ದೆಯಲ್ಲಿ ಇದು ಆರು ತಿಂಗಳು ಮಾತ್ರ ಇತ್ತು.

ಲೆಕ್ಕ ಹೇಗೆ ಹಾಕುತ್ತಾರೆ?

ಈ ಮೊತ್ತವನ್ನು ಯಾರೋ ಮನಸ್ಸಿಗೆ ಬಂದಂತೆ ಬರೆಯಬಾರದು. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಸೇರಿ ಒಂದು ಸೂತ್ರ ಒಪ್ಪಿಕೊಂಡರು. ದುಡಿಯುವ ಒಬ್ಬರ ಕೂಲಿಯಲ್ಲಿ ಒಂದು ಕುಟುಂಬ ಬದುಕಬೇಕು. ಗಂಡಸು 1 ಪಾಲು, ಹೆಂಗಸು 0.8 ಪಾಲು, ಇಬ್ಬರು ಮಕ್ಕಳು ತಲಾ 0.6 ಪಾಲು, ಒಟ್ಟು 3 ಪಾಲು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ಕುಟುಂಬಕ್ಕೆ ವರ್ಷಕ್ಕೆ 72 ಗಜ, ಅಂದರೆ ಸುಮಾರು 66 ಮೀಟರ್ ಬಟ್ಟೆ. ಮನೆ ಬಾಡಿಗೆ. ಒಟ್ಟು ವೇತನದಲ್ಲಿ ನೂರಕ್ಕೆ 20 ಪಾಲು ಸೌದೆ, ದೀಪ ಮತ್ತು ಇತರ ಖರ್ಚಿಗೆ. 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದನ್ನು ಸೇರಿಸಿತು: ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ನೂರಕ್ಕೆ 25 ಪಾಲು.

ಈಗ ನಾವು ಒಂದು ಲೆಕ್ಕ ಮಾಡೋಣ. ಇಲ್ಲಿ ಹಾಕಿರುವ ಬೆಲೆಗಳು ಕಲಿಯಲಿಕ್ಕಾಗಿ ಮಾತ್ರ. ನೀವು ನಿಮ್ಮ ಊರಿನ ಸಂತೆ, ಅಂಗಡಿಯ ಬೆಲೆ ಹಾಕಿ.

ಊಟ: ಒಂದು ಪಾಲಿಗೆ ದಿನಕ್ಕೆ ರೂ. 80. ಮೂರು ಪಾಲಿಗೆ ರೂ. 240. ತಿಂಗಳಿಗೆ ರೂ. 7,200.
ಬಟ್ಟೆ: ತಿಂಗಳಿಗೆ ಐದೂವರೆ ಮೀಟರ್, ಮೀಟರಿಗೆ ರೂ. 150ರಂತೆ ರೂ. 825.
ಬಾಡಿಗೆ: ಊಟ ಮತ್ತು ಬಟ್ಟೆಯ ಖರ್ಚಿನ ನೂರಕ್ಕೆ 10 ಎಂದು ಹಿಡಿದರೆ ರೂ. 802.50.
ಈ ಮೂರೂ ಸೇರಿ ರೂ. 8,827.50.

ಇದು ಒಟ್ಟು ವೇತನದ ನೂರಕ್ಕೆ 55 ಪಾಲು ಮಾತ್ರ. ಉಳಿದ 45 ಪಾಲನ್ನು (20 ಮತ್ತು 25) ಸೇರಿಸಿದರೆ ರೂ. 16,050 ಆಗುತ್ತದೆ. ತಿಂಗಳಿಗೆ 26 ದಿನದ ಕೆಲಸ ಎಂದರೆ ದಿನಕ್ಕೆ ಸುಮಾರು ರೂ. 617.

ಈ ಲೆಕ್ಕ ಹಾಕಿದಾಗ ಸಂಘದ ಸದಸ್ಯೆಯರು ಮೊದಲು ಕೈ ಎತ್ತುವುದು ಬಾಡಿಗೆಯ ಬಗ್ಗೆಯೇ. "ಸಿಸ್ಟರ್, ಎಂಟುನೂರು ರೂಪಾಯಿಗೆ ಮನೆ ಎಲ್ಲಿ ಸಿಗ್ತದೆ? ಆ ಊರು ತೋರಿಸಿ, ನಾವೂ ಹೋಗ್ತೇವೆ!" ಸರಿಯಾದ ಪ್ರಶ್ನೆ. ಬಾಡಿಗೆಯನ್ನು ರೂ. 3,000 ಎಂದು ಹಾಕಿ ನೋಡಿ. ಬೇರೆ ಏನನ್ನೂ ಬದಲಾಯಿಸಬೇಡಿ. ಒಟ್ಟು ವೇತನ ಸುಮಾರು ರೂ. 20,045ಕ್ಕೆ ಏರುತ್ತದೆ. ಒಂದೇ ಒಂದು ಸಾಲಿನಲ್ಲಿ ನಾಲ್ಕು ಸಾವಿರ ರೂಪಾಯಿ ವ್ಯತ್ಯಾಸ!

ಇನ್ನೊಂದು ನೋಡಿ. ಮೂರು ಪಾಲಿನ ಲೆಕ್ಕದಲ್ಲಿ ಅತ್ತೆ ಮಾವ, ವಯಸ್ಸಾದ ಅಮ್ಮ ಎಲ್ಲಿದ್ದಾರೆ? ಅವರು ಲೆಕ್ಕದಲ್ಲೇ ಇಲ್ಲ. ಕೇಂದ್ರ ಸರ್ಕಾರ ನೇಮಿಸಿದ ಅನೂಪ್ ಸತ್ಪಥಿ ಸಮಿತಿ 2019ರಲ್ಲಿ ಕುಟುಂಬವನ್ನು 3ರ ಬದಲು 3.6 ಪಾಲು ಎಂದು ಹಿಡಿಯಬೇಕೆಂದು ಹೇಳಿತು. ನಮ್ಮ ಮೊದಲಿನ ಲೆಕ್ಕದಲ್ಲಿ ಅದನ್ನು ಹಾಕಿದರೆ ರೂ. 16,050 ಹೋಗಿ ರೂ. 18,930 ಆಗುತ್ತದೆ. ಆದರೆ ಅದೇ ಸಮಿತಿ ಆಹಾರವನ್ನು 2,700 ಕ್ಯಾಲೊರಿಯಿಂದ 2,400ಕ್ಕೆ ಇಳಿಸಿತು. ಒಂದು ಕೈಯಲ್ಲಿ ಏರಿಸಿ ಇನ್ನೊಂದು ಕೈಯಲ್ಲಿ ಇಳಿಸಿದ ಹಾಗೆ. 2018ರ ಜುಲೈ ತಿಂಗಳ ಬೆಲೆಯಲ್ಲಿ ದಿನಕ್ಕೆ ರೂ. 375 ಇರಬೇಕೆಂದು ಆ ಸಮಿತಿ ಶಿಫಾರಸು ಮಾಡಿತ್ತು. ಆಗ ದೇಶದ ತಳಮಟ್ಟದ ವೇತನ ಎಂದು ಇದ್ದದ್ದು ದಿನಕ್ಕೆ ರೂ. 176.

ಇದರಿಂದ ನಾವು ತಿಳಿಯಬೇಕಾದದ್ದು ಏನು? ಕನಿಷ್ಠ ವೇತನದ ಚರ್ಚೆ ದೊಡ್ಡ ದೊಡ್ಡ ಮಾತಿನ ಚರ್ಚೆಯಲ್ಲ. ಅಕ್ಕಿಗೆ ಎಷ್ಟು, ಬೇಳೆಗೆ ಎಷ್ಟು, ಬಾಡಿಗೆಗೆ ಎಷ್ಟು, ಮನೆಯಲ್ಲಿ ಎಷ್ಟು ಜನ ಎಂಬ ಸಣ್ಣ ಸಣ್ಣ ಅಂಕಿಗಳ ಚರ್ಚೆ. ಈ ಅಂಕಿಗಳು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಹೆಚ್ಚಿಸಬಾರದು ಅನ್ನುವವರು ಏನು ಹೇಳುತ್ತಾರೆ?

ಅವರ ಮಾತನ್ನೂ ಸರಿಯಾಗಿ ಕೇಳಬೇಕು. ಅವರು ಹೇಳುವುದು ಮುಖ್ಯವಾಗಿ ಮೂರು.

ಒಂದು, ಸಣ್ಣ ಕೈಗಾರಿಕೆಗಳಿಗೆ ಕೊಡುವ ಶಕ್ತಿ ಇಲ್ಲ, ಬಾಗಿಲು ಮುಚ್ಚಬೇಕಾಗುತ್ತದೆ. ಇದೇ ಪ್ರಶ್ನೆ ಬಹಳ ಹಿಂದೆ ನ್ಯಾಯಾಲಯಕ್ಕೂ ಹೋಗಿತ್ತು. ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ತೀರ್ಪು ಕೊಟ್ಟಿತು. ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕರ ಶಕ್ತಿ ನೋಡಬೇಕಾಗಿಲ್ಲ, ಕೆಲಸಗಾರರ ಅಗತ್ಯ ನೋಡಬೇಕು ಎಂಬುದು ಅದರ ಸಾರ. 1983ರಲ್ಲಿ ರಾಜಸ್ಥಾನದ ಬರಗಾಲ ಪರಿಹಾರ ಕೆಲಸದ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಕೆಲಸ ಮಾಡಿಸುವುದು ಸಂವಿಧಾನ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಹಸಿವು ಕೂಡ ಒಂದು ಬಲವಂತವೇ ಅಲ್ಲವೇ?

ಎರಡು, ಕೂಲಿ ಏರಿದರೆ ಕೆಲಸ ಹೋಗುತ್ತದೆ. ಮಾಲೀಕರು ಯಂತ್ರ ತರುತ್ತಾರೆ, ಆಳು ಕಡಿಮೆ ಮಾಡುತ್ತಾರೆ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1992ರಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿದರು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ತಿಂಡಿ ಹೋಟೆಲುಗಳನ್ನು ಹೋಲಿಸಿ ನೋಡಿದಾಗ, ಕೂಲಿ ಏರಿದ ಕಡೆ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಹಾಗೆಂದು ಎಷ್ಟು ಏರಿಸಿದರೂ ಎಲ್ಲಿಯೂ ಏನೂ ಆಗುವುದಿಲ್ಲ ಎಂದಲ್ಲ. ಕೂಲಿ ಏರಿದ ತಕ್ಷಣ ಕೆಲಸ ಹೋಗಿಯೇ ಹೋಗುತ್ತದೆ ಎಂದು ಹೆದರಿಸುವುದನ್ನು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ ಎಂದಷ್ಟೇ.

ಮೂರು, ಕಾರ್ಖಾನೆಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ. ಈ ಭಯದಲ್ಲಿ ಹುರುಳಿದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಂಪನಿಗಳು ಕೂಲಿ ಕಡಿಮೆ ಇರುವ ಸಣ್ಣ ಊರುಗಳಲ್ಲಿ ಘಟಕ ತೆರೆದಿರುವುದನ್ನು ನಾವೇ ನೋಡಿದ್ದೇವೆ. ಒಂದೊಂದು ರಾಜ್ಯ ಒಂದೊಂದು ದರ ಇಟ್ಟರೆ ಕಡಿಮೆ ಇರುವ ಕಡೆ ಬಂಡವಾಳ ಓಡುತ್ತದೆ. ಅದಕ್ಕಾಗಿಯೇ ದೇಶಕ್ಕೆಲ್ಲ ಒಂದು ತಳಮಟ್ಟದ ವೇತನ ಬೇಕು, ಅದು ಹೆಸರಿಗೆ ಮಾತ್ರ ಇರದೆ ಹೊಟ್ಟೆ ತುಂಬುವಷ್ಟು ಇರಬೇಕು. ಪಕ್ಕದ ರಾಜ್ಯದ ಹೆಣ್ಣುಮಗಳ ಕೂಲಿ ಇಳಿದರೆ ಅದು ನಾಳೆ ನಮ್ಮ ಕೂಲಿಯನ್ನೂ ಇಳಿಸುತ್ತದೆ.

ಕಾಗದದ ಕೂಲಿ, ಕೈಗೆ ಬರುವ ಕೂಲಿ

ದರ ಏರಿದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. ಬೆಲೆ ಏರಿದಂತೆ ವರ್ಷವರ್ಷ ಸೇರಿಸಬೇಕಾದ ತುಟ್ಟಿಭತ್ಯೆಯ ಕಥೆ ಕೇಳಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ ರೂ. 417.60 ತುಟ್ಟಿಭತ್ಯೆ ಹೆಚ್ಚಾಗಿ ಸಿಗಬೇಕಿತ್ತು. ಕೊರೋನಾ ಕಾರಣ ಹೇಳಿ 2020ರ ಜುಲೈನಲ್ಲಿ ಸರ್ಕಾರ ಅದನ್ನು ಮುಂದೂಡಿತು. ವಿಷಯ ಹೈಕೋರ್ಟ್‌ಗೆ ಹೋಯಿತು. ನ್ಯಾಯಾಲಯ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಅನೇಕ ಕಾರ್ಖಾನೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಹಣ ಕೊಡಲಿಲ್ಲ. ಕಾರ್ಮಿಕ ಸಂಘಟನೆಗಳು ಬಿಡದೆ ಬೆನ್ನು ಹತ್ತಿದ ಮೇಲೆ 2022ರ ಹೊತ್ತಿಗೆ ಕೆಲವು ದೊಡ್ಡ ಕಂಪನಿಗಳು ಬಾಕಿ ಕೊಡತೊಡಗಿದವು.

ನಾಲ್ಕುನೂರು ರೂಪಾಯಿ ತಾನೇ ಅಂತ ಅನ್ನಿಸಬಹುದು. ವರ್ಷಕ್ಕೆ ಕೂಡಿಸಿ: ರೂ. 5,011.20. ವಾರಕ್ಕೆ ರೂ. 50ರಂತೆ ಉಳಿತಾಯ ಮಾಡುವ ಒಬ್ಬ ಸದಸ್ಯೆ ವರ್ಷಕ್ಕೆ ಕಟ್ಟುವುದು ರೂ. 2,600. ಅಂದರೆ ಅವಳು ಸುಮಾರು ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದಷ್ಟು ಹಣ ಒಂದೇ ವರ್ಷದಲ್ಲಿ ಸದ್ದಿಲ್ಲದೆ ಹೋಯಿತು.

ಬೀಡಿ ಕಟ್ಟುವ ಸಹೋದರಿಯರಿಗೂ ಇದು ಗೊತ್ತು. ಸಾವಿರ ಬೀಡಿಗೆ ಇಷ್ಟು ಎಂದು ದರ ಇರುತ್ತದೆ. ಕೊಟ್ಟ ಎಲೆ ಸಾಲದೆ ಕೈಯಿಂದ ಹಣ ಹಾಕಿ ಎಲೆ ತಂದರೆ, ಚೆನ್ನಾಗಿಲ್ಲ ಎಂದು ಒಂದಷ್ಟು ಬೀಡಿ ತೆಗೆದುಹಾಕಿದರೆ, ಕಾಗದದ ದರ ಹಾಗೆಯೇ ಇದ್ದರೂ ಕೈಗೆ ಬರುವ ಕೂಲಿ ಇಳಿಯುತ್ತದೆ. ಆದ್ದರಿಂದ ಎಷ್ಟು ಏರಿಸಿದರು ಎಂದು ಕೇಳಿದಷ್ಟೇ ಗಟ್ಟಿಯಾಗಿ ಎಷ್ಟು ಕೈಗೆ ಬಂತು ಎಂದೂ ಕೇಳಬೇಕು.

ನಾವು ಕೂಲಿ ಕೊಡುವವರೂ ಹೌದು

ನಮ್ಮ ಸಂಘಗಳಲ್ಲಿ ಕೂಲಿ ಪಡೆಯುವವರು ಮಾತ್ರ ಇಲ್ಲ. ಒಂದೆರಡು ಎಕರೆ ತೋಟ ಇದ್ದು ನಾಟಿಗೆ, ಕೊಯ್ಲಿಗೆ ಆಳು ಕರೆಯುವವರಿದ್ದಾರೆ. ಹೊಲಿಗೆ ಅಂಗಡಿ, ಹಪ್ಪಳ ಉಪ್ಪಿನಕಾಯಿ ಘಟಕ ಇಟ್ಟುಕೊಂಡು ಇಬ್ಬರು ಮೂವರನ್ನು ಕೆಲಸಕ್ಕೆ ಇಟ್ಟವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಬೆಳೆಗೆ ಬೆಲೆ ಇಲ್ಲದಾಗ, ತಂದ ಸಾಲಕ್ಕೆ ಬಡ್ಡಿ ಕಟ್ಟುವಾಗ ಕೂಲಿ ಏರಿಸಿ ಎಂದರೆ ಎದೆ ಧಸಕ್ಕೆನ್ನುತ್ತದೆ. ಅವರ ಬೆಳೆಗೆ, ಅವರ ಸರಕಿಗೆ ತಕ್ಕ ಬೆಲೆ ಸಿಗಬೇಕು ಎಂದು ಕೇಳುವುದೂ ನಮ್ಮ ಸಂಘದ ಕೆಲಸವೇ. ಆದರೆ ನಮ್ಮ ಕಷ್ಟದ ಭಾರವನ್ನು ನಮಗಿಂತ ಬಡವಳ ತಲೆಯ ಮೇಲೆ ಇಳಿಸಬಾರದು.

ಇನ್ನೊಂದು ಮಾತು. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂದು ಎರಡು ದರ ನಮ್ಮ ಊರುಗಳಲ್ಲಿ ಈಗಲೂ ನಡೆಯುತ್ತದೆ. ಒಂದೇ ಕಳೆ, ಒಂದೇ ಬಿಸಿಲು, ಒಂದೇ ಹೊತ್ತು. ಕೂಲಿ ಮಾತ್ರ ಬೇರೆ. 1976ರಿಂದಲೇ ಸಮಾನ ವೇತನದ ಕಾನೂನು ಇದೆ. ಹೆಣ್ಣಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡ ನಾವೇ ನಮ್ಮ ಗದ್ದೆಯಲ್ಲಿ ಹೆಣ್ಣಾಳಿಗೆ ಕಡಿಮೆ ಕೊಟ್ಟರೆ ಬೇರೆಯವರನ್ನು ಕೇಳಲು ನಮಗೆ ಬಾಯಿ ಇರುತ್ತದೆಯೇ?

ನಾವು ಏನು ಮಾಡಬಹುದು?

• ನಿಮ್ಮ ಕೆಲಸಕ್ಕೆ, ನಿಮ್ಮ ಊರಿನ ವಲಯಕ್ಕೆ ಈಗ ಜಾರಿಯಲ್ಲಿರುವ ದರ ಎಷ್ಟು ಎಂದು ತಾಲ್ಲೂಕಿನ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಮಂದಿ ಸೇರಿ ಹೋಗಿ.

• ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ಕೆಲಸ ಮಾಡಿದ ದಿನ, ಹೊತ್ತು, ಕೈಗೆ ಬಂದ ಹಣ ಬರೆಯಿರಿ. ಸಂಬಳ ಚೀಟಿ ಕೊಟ್ಟರೆ ಎಸೆಯಬೇಡಿ, ಸಂಘದ ಪಾಸ್ ಪುಸ್ತಕದ ಜೊತೆಗೇ ಇಡಿ.

• ಬಾಕಿ ಇದ್ದರೆ ಕೆಲಸಗಾರ್ತಿ ತಾನೇ ಅರ್ಜಿ ಹಾಕಬಹುದು, ಅಥವಾ ಅವಳು ಸದಸ್ಯೆಯಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ ಹಾಕಬಹುದು. ಸ್ವಸಹಾಯ ಸಂಘ ಕಾರ್ಮಿಕ ಸಂಘವಲ್ಲ, ಇದು ನೆನಪಿರಲಿ. ಆದರೆ ಜೊತೆಗೆ ಹೋಗಲು, ಅರ್ಜಿ ಬರೆಯಲು, ಧೈರ್ಯ ಹೇಳಲು ಸಂಘ ಬೇಕೇ ಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

• ಸರ್ಕಾರ ವೇತನದ ಕರಡು ಹೊರಡಿಸಿ ನಿಗದಿ ಮಾಡುವಾಗ ಆಕ್ಷೇಪಣೆ, ಸಲಹೆ ಕಳಿಸಲು ಕನಿಷ್ಠ ಎರಡು ತಿಂಗಳು ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆಗ ಮಾಲೀಕರ ಕಡೆಯಿಂದ ಕಡತಗಟ್ಟಲೆ ಕಾಗದ ಹೋಗುತ್ತದೆ, ಲೆಕ್ಕಿಗರು ಮತ್ತು ವಕೀಲರು ಬರೆದುಕೊಡುತ್ತಾರೆ. ನಮ್ಮ ಕಡೆಯಿಂದ ಹೋಗುವುದು ಎಷ್ಟು? ಮುಂದಿನ ಸಲ ಕರಡು ಬಂದಾಗ ಈ ಪಾಠದಲ್ಲಿ ಹಾಕಿದಂತೆ ನಿಮ್ಮ ಊರಿನ ಬೆಲೆಯಲ್ಲಿ ಲೆಕ್ಕ ಹಾಕಿ, ಸಭೆಯಲ್ಲಿ ಠರಾವು ಮಾಡಿ, ಎಲ್ಲರ ಸಹಿ ಹಾಕಿ ಕಾರ್ಮಿಕ ಇಲಾಖೆಗೆ ಕಳಿಸಿ. ಒಕ್ಕೂಟದ ಎಲ್ಲಾ ಸಂಘಗಳೂ ಹೀಗೆ ಮಾಡಿದರೆ ನಮ್ಮ ಅಡುಗೆಮನೆಯ ಲೆಕ್ಕವೂ ಆ ಮೇಜಿನ ಮೇಲೆ ಇರುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ಹಿಂದಿನ ಒಂದು ವರ್ಷದಲ್ಲಿ ನಮ್ಮ ಸಂಘದಿಂದ ಮನೆ ಖರ್ಚಿಗೆ ಹೋದ ಸಾಲ ಒಟ್ಟು ಎಷ್ಟು? ಆದಾಯ ತರುವ ಕೆಲಸಕ್ಕೆ ಹೋದದ್ದು ಎಷ್ಟು?
2. ನಮ್ಮ ಊರಿನಲ್ಲಿ ಒಬ್ಬರ ಒಂದು ದಿನದ ಊಟಕ್ಕೆ ಎಷ್ಟು ಬೇಕು? ಒಂದು ಕೋಣೆಯ ಮನೆಯ ಬಾಡಿಗೆ ಎಷ್ಟು? ಅದನ್ನು ಹಾಕಿದರೆ ತಿಂಗಳ ವೇತನ ಎಷ್ಟಾಗಬೇಕು?
3. ಸೂತ್ರದಲ್ಲಿ ಹೆಂಗಸಿಗೆ 0.8 ಪಾಲು ಎಂದು ಇಟ್ಟಿದ್ದಾರೆ. ಹೊರಗೂ ಒಳಗೂ ದುಡಿಯುವ ನಮಗೆ ಇದು ಸರಿಯೇ?
4. ನಮ್ಮಲ್ಲಿ ಆಳು ಕರೆಯುವವರು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಲು ಈ ಹಂಗಾಮಿನಿಂದಲೇ ಒಪ್ಪುತ್ತೇವೆಯೇ?

ಎರಡನೇ ಪ್ರಶ್ನೆಯ ಲೆಕ್ಕವನ್ನೂ ನಾಲ್ಕನೆಯದರ ತೀರ್ಮಾನವನ್ನೂ ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಪ್ರತಿನಿಧಿಗಳು ತಪ್ಪದೆ ತನ್ನಿ. ಎಲ್ಲಾ ಊರಿನ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡೋಣ.